ಮೊದಲ ಚಳಿಗಾಲಕ್ಕೆ ಪಕ್ಕದ ಸಣ್ಣ ಗುಡ್ಡವೇ ಸಾಕು: ಬಾಸ್ಟನ್ ಕಡೆಗೆ ಹೊಸದಾಗಿ ಬಂದ ರಾಯಚೂರು, ಕೊಪ್ಪಳ, ಬಳ್ಳಾರಿಯವರಿಗೆ

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯವರ ವಾಟ್ಸಾಪ್ ಗುಂಪಿನಲ್ಲಿ ಅದೇ ಪ್ರಶ್ನೆ: "ಅಕ್ಕಾ, ಸ್ಕೀಯಿಂಗ್‌ಗೆ ಎಲ್ಲಿ ಹೋಗೋದು?" ಕೇಳುವವರು ಸಿಂಧನೂರಿನವರು, ಸಿರುಗುಪ್ಪದವರು, ಕುಷ್ಟಗಿಯವರು. ನಾನು ಬಾಯಿ ಬಿಡುವಷ್ಟರಲ್ಲಿ ಉತ್ತರವನ್ನೂ ಅವರೇ ಕೊಡುತ್ತಾರೆ: "ಹೋದ್ರೆ ವರ್ಮಾಂಟ್‌ಗೇ ಹೋಗ್ಬೇಕು, ಕಿಲ್ಲಿಂಗ್ಟನ್‌ಗೆ." ಆಫೀಸಿನಲ್ಲಿ ಯಾರೋ ಆ ದೊಡ್ಡ ಸ್ಕೀ ಬೆಟ್ಟದ ಫೋಟೊ ತೋರಿಸಿರುತ್ತಾರೆ, ಅಷ್ಟೇ ಕಾರಣ.

ನಾನು ಗಂಗಾವತಿಯವಳು. ಬಾಸ್ಟನ್ನಿನ ಪಶ್ಚಿಮಕ್ಕಿರುವ ಊರೊಂದರಲ್ಲಿ ಸಂಸಾರ ಹೂಡಿ ಬಹಳ ವರ್ಷಗಳಾದವು. ನನ್ನ ಉತ್ತರ ಮಾತ್ರ ಬದಲಾಗಿಲ್ಲ. ಮೊದಲ ಚಳಿಗಾಲ ಪಕ್ಕದ ಸಣ್ಣ ಗುಡ್ಡದಲ್ಲೇ ಕಳೆಯಿರಿ. ದೊಡ್ಡ ಬೆಟ್ಟ ಎಲ್ಲಿಗೂ ಓಡಿ ಹೋಗುವುದಿಲ್ಲ.

ಸಣ್ಣದು ಎಂದರೆ ಎಷ್ಟು ಸಣ್ಣದು? ವೆಸ್ಟ್‌ಫರ್ಡ್‌ನ ನಶೋಬಾ ವ್ಯಾಲಿಯಲ್ಲಿ ಮೇಲಿನಿಂದ ಕೆಳಕ್ಕೆ ಸುಮಾರು 240 ಅಡಿ. ಶ್ರೂಸ್‌ಬರಿಯ ಸ್ಕೀ ವಾರ್ಡ್ ಅದಕ್ಕಿಂತ ಸ್ವಲ್ಪ ಕಡಿಮೆ. ಕ್ಯಾಂಟನ್‌ನ ಬ್ಲೂ ಹಿಲ್ಸ್ ಸುಮಾರು 300 ಅಡಿ. ನಮ್ಮ ಅಂಜನಾದ್ರಿಗೆ 575 ಮೆಟ್ಟಿಲು. ಒಂದು ಮೆಟ್ಟಿಲಿಗೆ ಅರ್ಧ ಅಡಿ ಎಂದು ಹಿಡಿದರೂ ನಶೋಬಾ ಅದಕ್ಕಿಂತ ಗಿಡ್ಡ. ಇನ್ನು ಕಿಲ್ಲಿಂಗ್ಟನ್‌ದು ಮೇಲಿನಿಂದ ಕೆಳಕ್ಕೆ 3,000 ಅಡಿ. ನ್ಯೂ ಹ್ಯಾಂಪ್‌ಶೈರ್‌ನ ಲೂನ್ ಸುಮಾರು 2,100, ಅದರಾಚೆಗಿನ ಕ್ಯಾನನ್ ಕೂಡ ಹೆಚ್ಚುಕಡಿಮೆ ಅಷ್ಟೇ. ಸಣ್ಣ ಗುಡ್ಡ, ದೊಡ್ಡ ಬೆಟ್ಟಗಳ ನಡುವೆ ನಿಲ್ಲುವುದು ಪ್ರಿನ್ಸ್‌ಟನ್‌ನ ವಾಚುಸೆಟ್, 1,000 ಅಡಿ. ಬಾಸ್ಟನ್‌ನಿಂದ ಒಂದು ಗಂಟೆಯ ದಾರಿ.

ಈ ಅಂಕಿ ನೋಡಿದರೆ ದೊಡ್ಡದೇ ಲಾಭ ಅನ್ನಿಸುತ್ತೆ, ಅಲ್ವಾ? ಆದರೆ ಹೊಸಬರು ಅಲ್ಲಿ ಹೋಗಿ ಮಾಡುವುದೇನು ನೋಡಿ. 3,000 ಅಡಿಗೆ ದುಡ್ಡು ಕೊಡುತ್ತೀರಿ. ಮ್ಯಾಜಿಕ್ ಕಾರ್ಪೆಟ್ ಎನ್ನುವ ಸಾಗುವ ಪಟ್ಟಿಯ ಮೇಲೆ ನಿಂತು, ಬುಡದಲ್ಲಿರುವ ಒಂದು ತುಂಡು ಜಾಗದಲ್ಲಿ ಇಡೀ ದಿನ ಏಳುತ್ತಾ ಬೀಳುತ್ತಾ ಇರುತ್ತೀರಿ. ಅದೇ ಪಟ್ಟಿ, ಅದೇ ಇಳಿಜಾರು ನಶೋಬಾದಲ್ಲೂ ಇದೆ. ಎರಡೂವರೆ ಮೂರು ಗಂಟೆ ಕಾರು ಓಡಿಸಿ, ಹೋಟೆಲ್ ಹಿಡಿದು, ಕೊನೆಗೆ ಮಾಡಿದ್ದು ಮನೆ ಪಕ್ಕದಲ್ಲಿ ಸಿಗುವ ಕೆಲಸವನ್ನೇ.

ಇದರ ಜೊತೆಗೆ ಕಲಿಕೆಯ ಲೆಕ್ಕ ಬೇರೆ ಇದೆ. ಸ್ಕೀಯಿಂಗ್ ಒಂದೇ ದಿನ ಎಂಟು ಗಂಟೆ ತಿಣುಕಿದರೆ ಬರುವುದಲ್ಲ. ಎರಡು ಗಂಟೆ ಕಲಿತು, ಮೈಕೈ ನೋವು ಇಳಿದ ಮೇಲೆ ಮತ್ತೆ ಎರಡು ಗಂಟೆ ಹೋದರೆ ಬೇಗ ಕೈಗೆ ಹತ್ತುತ್ತದೆ. ಸಣ್ಣ ಗುಡ್ಡಗಳಲ್ಲಿ ರಾತ್ರಿ ದೀಪ ಹಾಕುತ್ತಾರೆ. ಆಫೀಸು ಮುಗಿಸಿ, ಮಂಗಳವಾರವೋ ಬುಧವಾರವೋ ಸಂಜೆ ಹೋಗಿ ಊಟದ ಹೊತ್ತಿಗೆ ಮನೆಗೆ ಬರಬಹುದು. ಸಂಜೆಯ ಟಿಕೆಟ್ ಅಗ್ಗವೂ ಹೌದು. ಹೊಸಬರಿಗೆಂದೇ ಪಾಠ, ಬಾಡಿಗೆ ಸಾಮಾನು, ಇಳಿಜಾರಿನ ಮೇಲಕ್ಕೆ ಒಯ್ಯುವ ಬುಡದ ಲಿಫ್ಟ್ ಮೂರೂ ಸೇರಿಸಿದ ಪ್ಯಾಕೇಜ್ ಇರುತ್ತದೆ, ಅದನ್ನೇ ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲಿ ಮೊದಲೇ ಕೊಂಡರೆ ಅಲ್ಲಿನ ಟಿಕೆಟ್ ಕಿಟಕಿಯ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ಪಾಠ ಮಾತ್ರ ತಪ್ಪಿಸಬೇಡಿ. ಗಂಡನೋ ಗೆಳೆಯನೋ ಕಲಿಸುತ್ತೇನೆ ಅಂದರೆ ನಕ್ಕು ಸುಮ್ಮನಾಗಿ.

ಬಾಡಿಗೆ ಕೌಂಟರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ನಮ್ಮವರು ಎಡವುವುದು ಅಲ್ಲೇ. ಒಂದು ಫಾರಂ ಕೊಡುತ್ತಾರೆ. ತೂಕ, ಎತ್ತರ, ವಯಸ್ಸು ಕೇಳುತ್ತಾರೆ. ತೂಕವನ್ನು ಪೌಂಡ್‌ನಲ್ಲಿ ಬರೆಯಬೇಕು. ಹಿಂದೆ ಕ್ಯೂ ಇದೆ ಅಂತ ನಾಚಿಕೊಂಡು ಕಡಿಮೆ ಬರೆಯಬೇಡಿ. ಆ ಅಂಕಿ ನೋಡಿಯೇ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಬಿಗಿ ಮಾಡುತ್ತಾರೆ. ಕಡಿಮೆ ಬರೆದರೆ ಅದು ಸಡಿಲವಾಗಿ ಬೂಟು ಬೇಡದಾಗ ಕಳಚೀತು. ಹೆಚ್ಚು ಬರೆದರೆ ಬಿದ್ದಾಗ ಬೂಟು ಸ್ಕೀಯಿಂದ ಕಳಚದೆ ಮೊಣಕಾಲು ತಿರುಚಿಕೊಳ್ಳಬಹುದು. ಸ್ಕೀ ಮಾಡುವವರ ಬಗೆ 1, 2, 3 ಎಂದು ಇನ್ನೊಂದು ಸಾಲು ಇರುತ್ತದೆ. ಹೊಸಬರು 1ಕ್ಕೆ ಗುರುತು ಹಾಕಬೇಕು. ಅದು ಮೆಲ್ಲಗೆ, ಹುಷಾರಾಗಿ ಇಳಿಯುವವರದು.

ಆಮೇಲೆ ಬೂಟು. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮುಂದಕ್ಕೆ ಸಣ್ಣಗೆ ತಾಗಬೇಕು. ಮೊಣಕಾಲು ಮುಂದೆ ಬಾಗಿಸಿದರೆ ಬೆರಳು ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೇಳಬಾರದು. ಚಳಿ ಅಂತ ಎರಡು ಜೊತೆ ಕಾಲುಚೀಲ ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಒಂದೇ ಜೊತೆ ಉದ್ದನೆಯ, ತೆಳ್ಳಗಿನ ಉಣ್ಣೆಯದು ಸಾಕು. ಜೀನ್ಸ್, ಹತ್ತಿ ಬನಿಯನ್ ಎರಡೂ ಬೇಡ. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನು ಹೀರುತ್ತದೆ. ರಾಯಚೂರಿನ ಮೇ ತಿಂಗಳಿಗೆ ಹೇಳಿ ಮಾಡಿಸಿದ ಬಟ್ಟೆ ಇಲ್ಲಿ ಜನವರಿಯಲ್ಲಿ ವೈರಿ. ಕನ್ನಡಕ ಇದ್ದವರು ಅದರ ಮೇಲೇ ಕೂರುವ ಗಾಗಲ್ಸ್ ಕೇಳಿ. ಹೆಲ್ಮೆಟ್ ಬಾಡಿಗೆಗೆ ಸಿಗುತ್ತದೆ, ಬಿಡಬೇಡಿ. ಮಕ್ಕಳಿಗಾದರೆ ಸ್ಕೀ ಅಂಗಡಿಯಲ್ಲಿ ಇಡೀ ಸೀಸನ್‌ಗೆ ಬಾಡಿಗೆ ಮಾಡಿಬಿಡಿ. ಮತ್ತೆ ಮತ್ತೆ ಹೋಗುವವರಿಗೆ ಅದೇ ಲೇಸು.

ಸಣ್ಣ ಗುಡ್ಡವನ್ನು ಸುಮ್ನೆ ಹೊಗಳುತ್ತಿಲ್ಲ. ಅದರ ತೊಂದರೆಗಳೂ ಇವೆ. ಶನಿವಾರ ಮಧ್ಯಾಹ್ನ ಜಾತ್ರೆ. ಇಳಿಯುವುದು ಒಂದು ನಿಮಿಷ, ಲಿಫ್ಟ್‌ಗೆ ಕಾಯುವುದು ಹತ್ತು ನಿಮಿಷ. ಇಲ್ಲಿ ಹಿಮದ ಬಹುಪಾಲು ಆಕಾಶದಿಂದ ಬಿದ್ದದ್ದಲ್ಲ. ನೀರನ್ನೂ ಒತ್ತಿದ ಗಾಳಿಯನ್ನೂ ಸೇರಿಸಿ ಗನ್ನಿನಿಂದ ಚಿಮ್ಮಿಸಿ ಮಾಡಿದ್ದು. ಅದಕ್ಕೆ ತಾಪ ಸೊನ್ನೆಗಿಂತ ಒಂದೆರಡು ಡಿಗ್ರಿಯಾದರೂ ಕೆಳಗಿರಬೇಕು, ಗಾಳಿ ಒಣಗಿದ್ದಷ್ಟೂ ಒಳ್ಳೆಯದು. ನಡುವೆ ಒಂದು ಮಳೆ ಬಂದು ರಾತ್ರಿ ಹೆಪ್ಪುಗಟ್ಟಿತೆಂದರೆ ಮಾರನೆಯ ದಿನ ನೆಲ ಕಲ್ಲು. ಮಳೆ ಬಂದ ಮಾರನೆಯ ದಿನ ಹೋಗಬೇಡಿ, ಎರಡು ದಿನ ಬಿಡಿ. ಮಾರ್ಚ್ ಹೊತ್ತಿಗೆ ಸಣ್ಣವು ಬಾಗಿಲು ಹಾಕಲು ಶುರು ಮಾಡುತ್ತವೆ. ಕಿಲ್ಲಿಂಗ್ಟನ್ ಸಾಮಾನ್ಯವಾಗಿ ಮೇ ತನಕ ನಡೆಯುತ್ತದೆ.

ಊಟದ ವಿಷಯ. ಲಾಡ್ಜಿನಲ್ಲಿ, ಅಂದರೆ ಗುಡ್ಡದ ಬುಡದಲ್ಲಿ ಕೂತು ಉಣ್ಣುವ ಕಟ್ಟಡದಲ್ಲಿ, ಸಸ್ಯಾಹಾರಿಗೆ ಫ್ರೈಸ್, ಚೀಸ್ ಪಿಜ್ಜಾ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಹೆಸರು ಕೇಳಿ ನಮ್ಮ ಮೆಣಸಿನಕಾಯಿ ಅಂದುಕೊಂಡು ಚಿಲಿ ಬಟ್ಟಲು ತಗೋಬೇಡಿ, ಸಾಮಾನ್ಯವಾಗಿ ಅದರಲ್ಲಿ ದನದ ಮಾಂಸ ಇರುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದರೆ ನೆಮ್ಮದಿ. ಊರಿಂದ ಬಂದ ಅಪ್ಪ-ಅಮ್ಮನನ್ನೂ ಕರೆದೊಯ್ಯಬಹುದು. ಸಣ್ಣ ಗುಡ್ಡದ ಲಾಡ್ಜಿನ ಕಿಟಕಿಯಿಂದ ಮೊಮ್ಮಕ್ಕಳು ಇಳಿಯುವುದು ಪೂರ್ತಿ ಕಾಣುತ್ತದೆ. ಅವರನ್ನು ಮಾತ್ರ ಸ್ಕೀ ಮೇಲೆ ನಿಲ್ಲಿಸಬೇಡಿ. ಪ್ರವಾಸಿ ವಿಮೆಗಳಲ್ಲಿ ಇಂಥ ಆಟಗಳ ಗಾಯ ಹೊರಗಿಟ್ಟಿರುವುದು ಜಾಸ್ತಿ. ನಿಮ್ಮ ವಿಮೆಯಲ್ಲೂ ಡಿಡಕ್ಟಿಬಲ್ (ವಿಮೆ ಕೊಡಲು ಶುರು ಮಾಡುವ ಮೊದಲು ನಾವೇ ಕಟ್ಟಬೇಕಾದ ಮೊತ್ತ) ಎಷ್ಟಿದೆ ಅಂತ ಹೋಗುವ ಮೊದಲೇ ನೋಡಿಕೊಳ್ಳಿ.

ಹಾಗಾದರೆ ದೊಡ್ಡ ಬೆಟ್ಟ ಯಾವಾಗ? ವಾಚುಸೆಟ್‌ನ ತುದಿಯಿಂದ ನೀಲಿ ಗುರುತಿನ, ಅಂದರೆ ಮಧ್ಯಮ ಕಷ್ಟದ, ದಾರಿಯಲ್ಲಿ ಬೀಳದೆ ಇಳಿಯಲು ಬರಬೇಕು. ಎಡಕ್ಕೂ ಬಲಕ್ಕೂ ತಿರುಗಿ, ಬೇಕೆಂದ ಕಡೆ ನಿಲ್ಲಲು ಬರಬೇಕು. ಇಷ್ಟಾದರೆ ಹೊರಡಿ. ಇಲ್ಲೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಸುಲಭಕ್ಕೆ ಹಸಿರು ದುಂಡು, ಮಧ್ಯಮಕ್ಕೆ ನೀಲಿ ಚೌಕ, ಕಷ್ಟಕ್ಕೆ ಕಪ್ಪು ವಜ್ರ ಎಂಬ ಗುರುತುಗಳನ್ನು ಆಯಾ ಗುಡ್ಡದವರೇ ತಮ್ಮ ದಾರಿಗಳನ್ನು ಒಂದಕ್ಕೊಂದು ಹೋಲಿಸಿ ಹಾಕಿಕೊಳ್ಳುತ್ತಾರೆ. ನಶೋಬಾದ ಕಪ್ಪು ದಾರಿ ಕ್ಯಾನನ್‌ನಲ್ಲಿ ನೀಲಿಯೂ ಆಗಬಹುದು. ನಾನು ಕಪ್ಪು ಇಳಿದಿದ್ದೇನೆ ಎಂಬ ಗರ್ವವನ್ನು ಮನೆಯಲ್ಲಿಟ್ಟು ಹೋಗಿ, ಮೊದಲ ಇಳಿತ ಹಸಿರಿನಲ್ಲೇ ಇರಲಿ. ನಿಮಗಿಂತ ಕೆಳಗಿರುವವರಿಗೆ ದಾರಿ ಬಿಡುವುದು ಮೇಲಿನಿಂದ ಬರುವ ನಿಮ್ಮ ಜವಾಬ್ದಾರಿ. ಇದು ಎಲ್ಲ ಕಡೆಯೂ ಒಂದೇ ನಿಯಮ.

ಒಂದೇ ವರ್ಷದ ಪ್ರಾಜೆಕ್ಟಿಗೆ ಬಂದು ಬೇಸಿಗೆಯಲ್ಲಿ ವಾಪಸ್ ಹೋಗುವವರಿದ್ದರೆ ನನ್ನ ಮಾತು ಸ್ವಲ್ಪ ಸಡಿಲ. ಒಂದು ಸಲ ದೊಡ್ಡದನ್ನೂ ನೋಡಿ ಬನ್ನಿ. ಒಂದೇ ದಿನಕ್ಕೆ ಹೋಗಿ ಬರಬೇಡಿ, ಎರಡು ದಿನ ಉಳಿಯಿರಿ. ಮೊದಲ ದಿನ ಪಾಠ, ಎರಡನೆಯ ದಿನ ಮೇಲಿನ ದಾರಿ. ಇಡೀ ದಿನ ಕಾಲು ಸೋತ ಮೇಲೆ ಕತ್ತಲಲ್ಲಿ ಕರಿ ಐಸ್ (ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ) ಹಿಡಿದ ರಸ್ತೆಯಲ್ಲಿ ಮೂರು ಗಂಟೆ ಕಾರು ಓಡಿಸುವುದು ಸ್ಕೀಯಿಂಗ್‌ಗಿಂತ ಅಪಾಯ.

ಮೊದಲ ದೊಡ್ಡ ಬೆಟ್ಟ ಯಾವುದು ಅಂತ ಕೇಳಿದರೆ ನಾನು ಲೂನ್ ಹೇಳುತ್ತೇನೆ. 93ರ ಹೆದ್ದಾರಿ ಇಳಿದರೆ ಬಂದೇಬಿಟ್ಟಿತು, ಬಾಸ್ಟನ್‌ನಿಂದ ಸುಮಾರು ಎರಡು ಗಂಟೆ. ಶುಕ್ರವಾರ ಸಂಜೆ ಮಾತ್ರ ಆ ದಾರಿ ಹಿಡಿಯಬೇಡಿ. ಫೆಬ್ರವರಿಯಲ್ಲಿ ಪ್ರೆಸಿಡೆಂಟ್ಸ್ ಡೇ ಇರುವ ವಾರ ಮ್ಯಾಸಚೂಸೆಟ್ಸ್‌ನ ಶಾಲೆಗಳಿಗೆ ರಜೆ, ಆಗಲೂ ಬೇಡ. ಕಿಲ್ಲಿಂಗ್ಟನ್‌ಗೆ ಹೋಗುವುದಾದರೆ ಒಂದು ನೆನಪಿರಲಿ. ಅದಕ್ಕೆ ಬುಡ ಒಂದಲ್ಲ, ಸ್ನೋಶೆಡ್, ಬೇರ್ ಮೌಂಟನ್ ಹೀಗೆ ಹಲವು ಇವೆ. ಸಂಜೆ ನಾಲ್ಕರ ಹೊತ್ತಿಗೆ ಲಿಫ್ಟ್ ನಿಲ್ಲುತ್ತವೆ. ಆಗ ತಪ್ಪು ಬುಡಕ್ಕೆ ಇಳಿದರೆ ನಿಮ್ಮ ಕಾರು ಬೆಟ್ಟದ ಇನ್ನೊಂದು ಕಡೆ ಇರುತ್ತದೆ. ಬೆಳಿಗ್ಗೆ ಕಾರು ನಿಲ್ಲಿಸಿದ ತಕ್ಷಣ ಆ ಜಾಗದ ಬೋರ್ಡಿನ ಫೋಟೊ ತೆಗೆದಿಟ್ಟುಕೊಳ್ಳಿ. ಮಧ್ಯಾಹ್ನ ಮೂರರ ನಂತರ ಆ ಕಡೆಗೆ ಇಳಿಯುವ ದಾರಿಗಳಲ್ಲೇ ಆಡಿ.