ಎಕ್ಸ್‌ಚೇಂಜ್‌ನಲ್ಲಿ ವಿದ್ಯುತ್ ಕೊಳ್ಳುವಾಗ ಬಿಡ್ ದರ ನಿಗದಿ ಮಾಡುವುದು ಹೇಗೆ: ನನ್ನ ಅನುಭವ

ಪೀಣ್ಯ, ಬೊಮ್ಮಸಂದ್ರದ ಕಡೆಯ ಎಚ್‌ಟಿ (ಹೈ ಟೆನ್ಷನ್ ಸಂಪರ್ಕದ) ಗ್ರಾಹಕರಿಗೆ ಎಕ್ಸ್‌ಚೇಂಜ್‌ನಿಂದ, ಅಂದರೆ ವಿದ್ಯುತ್ ಹರಾಜಾಗುವ ಮಾರುಕಟ್ಟೆಯಿಂದ, ವಿದ್ಯುತ್ ಕೊಂಡುಕೊಡುವುದು ನನ್ನ ಕೆಲಸ. ಒಂದು ಮೆಗಾವ್ಯಾಟ್‌ಗಿಂತ ಹೆಚ್ಚು ಲೋಡ್ ಇರುವವರಿಗೆ 2003ರ ವಿದ್ಯುತ್ ಕಾಯ್ದೆಯಲ್ಲಿ ಓಪನ್ ಆಕ್ಸೆಸ್‌ಗೆ, ಅಂದರೆ ಬೆಸ್ಕಾಂ ಬಿಟ್ಟು ಬೇರೆ ಕಡೆಯಿಂದಲೂ ವಿದ್ಯುತ್ ಕೊಳ್ಳಲು, ಅವಕಾಶವಿದೆ. ಬೆಸ್ಕಾಂ ಸಂಪರ್ಕ ಹಾಗೇ ಇಟ್ಟುಕೊಂಡು, ನಾಳೆ ಬೇಕಾದ ವಿದ್ಯುತ್ತನ್ನು ಇಂದೇ ಹರಾಜಿನಲ್ಲಿ ಕೊಳ್ಳಬಹುದು. ಹೊಸಬರು ಮೊದಲು ಕೇಳುವುದು, "ಇವತ್ತು ಸರಾಸರಿ ರೇಟ್ ಎಷ್ಟು ಸಾರ್?" ಎಂದು. ಆ ಸರಾಸರಿಯನ್ನು ನಂಬಿ ಕೊಂಡರೆ ಕೈ ಸುಟ್ಟುಕೊಳ್ಳುವುದು ಖಂಡಿತ. ದಿನದಲ್ಲಿ 15 ನಿಮಿಷದ 96 ಬ್ಲಾಕ್‌ಗಳಿವೆ, ಪ್ರತಿಯೊಂದಕ್ಕೂ ಬೇರೆ ದರ. ಪಾವಗಡದಂಥ ಸೋಲಾರ್ ಪಾರ್ಕ್‌ಗಳು ಪೂರ್ತಿ ಉತ್ಪಾದಿಸುವ ಮಧ್ಯಾಹ್ನದಲ್ಲಿ ದರ ಇಳಿಯುತ್ತದೆ. ಸೂರ್ಯ ಮುಳುಗಿದ ಮೇಲೆ, ಬೇಡಿಕೆ ಬಿಗಿಯಾದ ದಿನಗಳಲ್ಲಿ, ಯೂನಿಟ್‌ಗೆ 10 ರೂಪಾಯಿಯ ಮಿತಿಯನ್ನೇ ಮುಟ್ಟುವುದುಂಟು.

ಹಾಗಾಗಿ ಲೆಕ್ಕವನ್ನು ಉಲ್ಟಾ ಹಾಕಬೇಕು: ಒಂದು ಯೂನಿಟ್ ಹೊರಗಿನಿಂದ ತಂದರೆ ಬೆಸ್ಕಾಂ ಬಿಲ್‌ನಲ್ಲಿ ನಿಜವಾಗಿ ಉಳಿಯುವುದೆಷ್ಟು? ಒಟ್ಟು ಬಿಲ್ಲನ್ನು ಯೂನಿಟ್‌ಗಳಿಂದ ಭಾಗಿಸಿ ಬರುವ ಮೊತ್ತ ಇಲ್ಲಿ ಕೆಲಸಕ್ಕೆ ಬಾರದು. ಕಾಂಟ್ರ್ಯಾಕ್ಟ್ ಡಿಮ್ಯಾಂಡ್ (ಬೆಸ್ಕಾಂ ಜೊತೆ ಒಪ್ಪಂದ ಮಾಡಿಕೊಂಡ ಲೋಡ್) ಹಾಗೇ ಇರುವತನಕ ಡಿಮ್ಯಾಂಡ್ ಶುಲ್ಕ ಕಟ್ಟಲೇಬೇಕು. ಉಳಿಯುವುದು ಎನರ್ಜಿ ಶುಲ್ಕ, ಇಂಧನ ಹೊಂದಾಣಿಕೆ ಶುಲ್ಕ, ಅವುಗಳ ಮೇಲಿನ ತೆರಿಗೆಯಲ್ಲಿ ಕಡಿಮೆಯಾಗುವ ಭಾಗ, ಇಷ್ಟೇ. ರಾತ್ರಿ ಟಿಒಡಿ (ಹೊತ್ತಿಗೆ ತಕ್ಕ ದರ) ರಿಯಾಯಿತಿ ಸಿಗುವ ಸಂಪರ್ಕವಾದರೆ ಆ ಹೊತ್ತಿನ ಉಳಿತಾಯ ಇನ್ನೂ ಕಡಿಮೆ. ಒಂದೇ ಮಿತಿ ದರವನ್ನು (ಇದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಬಿಡ್‌ನಲ್ಲಿ ಬರೆಯುವ ದರ) 96 ಬ್ಲಾಕ್‌ಗೂ ಹಾಕುವುದು ತಪ್ಪಾಗುವುದು ಇದಕ್ಕೇ.

ಆ ಉಳಿತಾಯದಿಂದ ಕಳೆಯಬೇಕಾದ ಪಟ್ಟಿ ಉದ್ದವಿದೆ. ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ (ಬೆಸ್ಕಾಂ ಬಿಟ್ಟು ಹೊರಗೆ ಕೊಂಡದ್ದಕ್ಕೆ ಕಟ್ಟುವ ಶುಲ್ಕ), ಅನ್ವಯವಾದರೆ ಹೆಚ್ಚುವರಿ ಸರ್‌ಚಾರ್ಜ್, ಅಂತರರಾಜ್ಯ ಪ್ರಸರಣ, ಕೆಪಿಟಿಸಿಎಲ್ (ರಾಜ್ಯದ ಪ್ರಸರಣ ಕಂಪನಿ) ಪ್ರಸರಣ, 11 ಕೆವಿ ಸಂಪರ್ಕಕ್ಕೆ ವೀಲಿಂಗ್ (ಬೆಸ್ಕಾಂ ಲೈನ್ ಬಳಸುವ ಶುಲ್ಕ), ಎಕ್ಸ್‌ಚೇಂಜ್ ಮತ್ತು ಅದರ ಸದಸ್ಯರ ಶುಲ್ಕ. ಇವುಗಳಲ್ಲಿ ಹಲವು ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಆದೇಶದೊಂದಿಗೆ ಬದಲಾಗುವುದರಿಂದ ನನ್ನ ಶೀಟ್‌ನಲ್ಲಿ ಪ್ರತಿ ಶುಲ್ಕದ ಪಕ್ಕ ಆದೇಶದ ದಿನಾಂಕ ಬರೆದಿಡುತ್ತೇನೆ. ದಿನದ ಲೆಕ್ಕದಲ್ಲಿ ಬೀಳುವ ನಿರ್ವಹಣಾ ಶುಲ್ಕವನ್ನು ಬಹಳ ಜನ ಮರೆಯುತ್ತಾರೆ. ಅದು ದಿನಕ್ಕೆ 2,000 ರೂಪಾಯಿ ಎಂದುಕೊಳ್ಳಿ. 2 ಮೆಗಾವ್ಯಾಟ್‌ನಂತೆ ಎಂಟು ಗಂಟೆ ಕೊಂಡರೆ ಯೂನಿಟ್‌ಗೆ ಹನ್ನೆರಡೂವರೆ ಪೈಸೆ, ಒಂದೇ ಗಂಟೆ ಕೊಂಡರೆ ಪೂರಾ ಒಂದು ರೂಪಾಯಿ.

ಆಮೇಲೆ ನಷ್ಟದ, ಅಂದರೆ ಲೈನ್‌ಗಳಲ್ಲಿ ದಾರಿಯಲ್ಲೇ ಪೋಲಾಗುವ ವಿದ್ಯುತ್ತಿನ ಲೆಕ್ಕ. ಉದಾಹರಣೆಗೆ ಉಳಿತಾಯ 6.60 ರೂಪಾಯಿ, ಮೀಟರ್‌ಗೆ ತಲುಪುವ ಯೂನಿಟ್ ಲೆಕ್ಕದಲ್ಲಿ ಮೇಲಿನ ಶುಲ್ಕಗಳ ಮೊತ್ತ 2.40 ಎಂದಿಟ್ಟುಕೊಳ್ಳೋಣ. ಉಳಿದದ್ದು 4.20. ಅಂತರರಾಜ್ಯ ನಷ್ಟ ಶೇ 3.5, ಕೆಪಿಟಿಸಿಎಲ್ ಶೇ 3, ವಿತರಣೆ ಶೇ 3 ಆದರೆ 0.965, 0.97, 0.97 ಗುಣಿಸಿ 0.908. ನಷ್ಟಗಳನ್ನು ಕೂಡಿಸಬಾರದು, ನಷ್ಟ ಕಳೆದು ಉಳಿಯುವ ಭಾಗಗಳನ್ನು ಗುಣಿಸಬೇಕು. ನನ್ನ ಮಿತಿ ದರ 4.20 ಗುಣಿಸು 0.908, ಅಂದರೆ 3.81 ರೂಪಾಯಿ. ಮೀಟರ್‌ನಲ್ಲಿ 2 ಮೆಗಾವ್ಯಾಟ್ ಬೇಕಾದರೆ 2 ಭಾಗಿಸು 0.908, ಅಂದರೆ 2.2 ಮೆಗಾವ್ಯಾಟ್‌ಗೆ ಬಿಡ್. ಈ ಅಂಕಿ ಎಸ್‌ಎಲ್‌ಡಿಸಿ (ರಾಜ್ಯದ ಲೋಡ್ ಡಿಸ್‌ಪ್ಯಾಚ್ ಕೇಂದ್ರ) ಕೊಟ್ಟ ಎನ್‌ಒಸಿಯ, ಅಂದರೆ ಒಪ್ಪಿಗೆ ಪತ್ರದ, ಮಿತಿಯೊಳಗಿರಬೇಕು.

ಬಿಡ್ ಕೊಡುವ ಸಮಯ ಹಿಂದಿನ ದಿನ ಬೆಳಿಗ್ಗೆ. ಇಲ್ಲಿ ಚೌಕಾಸಿಯ ಬುದ್ಧಿ ನಡೆಯುವುದಿಲ್ಲ. ಗೆದ್ದವರೆಲ್ಲ ಕೊಡುವುದು ಒಂದೇ ಕ್ಲಿಯರಿಂಗ್ ದರ, ಅಂದರೆ ಆ ಬ್ಲಾಕ್‌ನ ಹರಾಜು ಕೊನೆಗೆ ನಿಂತ ದರ. ದರ 2.50ಕ್ಕೆ ನಿಂತರೆ 3.81 ಬರೆದವನೂ ಕೊಡುವುದು 2.50. ಕಡಿಮೆ ಬರೆದವನಿಗೆ ರಿಯಾಯಿತಿ ಸಿಗುವುದಿಲ್ಲ, ಬ್ಲಾಕ್ ಕೈತಪ್ಪುವುದಷ್ಟೇ. ಅದಕ್ಕೇ ನಾನು ಯಾವಾಗಲೂ ನಿಜವಾದ ಮಿತಿಯನ್ನೇ ಬರೆಯುತ್ತೇನೆ.

ಇನ್ನೊಂದು ಸೂಕ್ಷ್ಮ ಬಿಡ್ ಬರೆಯುವ ರೀತಿಯಲ್ಲಿದೆ. ಕೊಟ್ಟ ಎರಡು ದರಗಳ ನಡುವಿನ ಪ್ರಮಾಣವನ್ನು ಸಾಫ್ಟ್‌ವೇರ್ ನೇರ ಗೆರೆ ಎಳೆದು ತುಂಬುತ್ತದೆ. ಮೆಗಾವ್ಯಾಟ್ ಅವರ್‌ಗೆ (1,000 ಯೂನಿಟ್) 3,000 ರೂಪಾಯಿ ದರಕ್ಕೆ 2.2 ಮೆಗಾವ್ಯಾಟ್, 3,810ಕ್ಕೆ ಸೊನ್ನೆ ಎಂದು ಬರೆದರೆ, ದರ 3,405ಕ್ಕೆ ನಿಂತ ಬ್ಲಾಕ್‌ನಲ್ಲಿ ಸಿಗುವುದು 1.1 ಮೆಗಾವ್ಯಾಟ್. ಲಾಭದ ಬ್ಲಾಕ್‌ನಲ್ಲಿ ಅರ್ಧ ಹೋಯಿತು. ಸರಿಯಾದದ್ದು 3,810ಕ್ಕೆ 2.2, 3,811ಕ್ಕೆ ಸೊನ್ನೆ. ಫಲಿತಾಂಶ ನೋಡುವಾಗ ಇಡೀ ದೇಶದ ದರದ ಬದಲು ನಮ್ಮ ಬಿಡ್ ಪ್ರದೇಶದ (ಎಕ್ಸ್‌ಚೇಂಜ್ ದೇಶವನ್ನು ವಿಂಗಡಿಸಿರುವ ಭಾಗಗಳಲ್ಲಿ ನಮ್ಮದು) ದರ ನೋಡಬೇಕು, ಲೈನ್ ಕಿಕ್ಕಿರಿದಾಗ ಎರಡೂ ಬೇರೆಯಾಗುತ್ತವೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಮೂಲಕ ದಕ್ಷಿಣ ಗ್ರಿಡ್ ಉಳಿದ ದೇಶದೊಂದಿಗೆ ಸೇರುವ ಮುಂಚೆ ಆ ಅಂತರ ದೊಡ್ಡ ತಲೆನೋವಾಗಿತ್ತು.

ಪ್ರಮಾಣದ ವಿಷಯದಲ್ಲಿ ದುರಾಸೆ ಬೇಡ. ಕೊಂಡದ್ದಕ್ಕಿಂತ ಹೆಚ್ಚು ಎಳೆದರೆ ಹೆಚ್ಚಿನದ್ದು ಬೆಸ್ಕಾಂ ದರದಲ್ಲಿ ಸಿಗುತ್ತದೆ. ಕಡಿಮೆ ಎಳೆದರೆ ಮಾತ್ರ ಹಣ ಕೊಟ್ಟ ಯೂನಿಟ್ ಬಹುಪಾಲು ಪೋಲು. ಫೀಡರ್ ಟ್ರಿಪ್ ಆಗಿ ಕಾರ್ಖಾನೆ ಕತ್ತಲಾದರೂ ಎಕ್ಸ್‌ಚೇಂಜ್ ಹಣ ವಾಪಸ್ ಬರುವುದಿಲ್ಲ. ಹಿಂದಿನ ವಾರಗಳ 15 ನಿಮಿಷದ ದಾಖಲೆಯಲ್ಲಿ ವಾರದ ಅದೇ ದಿನದ, ಅದೇ ಬ್ಲಾಕ್‌ನ ಅತಿ ಕಡಿಮೆ ಲೋಡಿಗಿಂತ ತುಸು ಕೆಳಗೇ ನಾನು ಬಿಡ್ ಇಡುತ್ತೇನೆ. ಊಟದ ವಿರಾಮದಲ್ಲಿ ಲೋಡ್ ಬೀಳುವ ಹೊತ್ತು ದರ ಅಗ್ಗವಾದ ಹೊತ್ತೂ ಹೌದು. ಹೀಟ್ ಟ್ರೀಟ್‌ಮೆಂಟ್ ಫರ್ನೇಸ್‌ನಂಥ ಲೋಡನ್ನು ಅಲ್ಲಿಗೆ ಸರಿಸಿದರೆ ಒಳ್ಳೆಯ ಲಾಭ. ಆದರೆ ಫರ್ನೇಸ್‌ಗಳನ್ನು ಒಂದೊಂದಾಗಿ ಚಾಲೂ ಮಾಡಿ. ಹೊರಗಿನಿಂದ ತಂದ ವಿದ್ಯುತ್ತೂ ಅದೇ ಮೀಟರ್ ಮೂಲಕ ಬರುವುದರಿಂದ, ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಗರಿಷ್ಠ ಡಿಮ್ಯಾಂಡ್ ಏರಿ, ಉಳಿಸಿದ್ದು ಅಲ್ಲೇ ಕರಗಿಹೋಗುತ್ತದೆ.

ತಿಂಗಳ ಕೊನೆಯಲ್ಲಿ ಬಿಲ್‌ನ ಓಪನ್ ಆಕ್ಸೆಸ್ ಜಮೆಯನ್ನು (ಹೊರಗಿನಿಂದ ತಂದದ್ದೆಂದು ಬೆಸ್ಕಾಂ ಕಳೆದ ಯೂನಿಟ್) ಶೆಡ್ಯೂಲ್ (ಹರಾಜಿನಲ್ಲಿ ಕೊಂಡ ಪ್ರಮಾಣದ ಪಟ್ಟಿ) ಜೊತೆ ಬ್ಲಾಕ್ ಬ್ಲಾಕ್ ತಾಳೆ ನೋಡುತ್ತೇನೆ: ನಷ್ಟ ಎರಡು ಸಲ ಕಳೆದಿದೆಯೇ, ಜಮೆ ಸರಿಯಾದ ಟಿಒಡಿ ಅವಧಿಗೆ ಬಿದ್ದಿದೆಯೇ ಎಂದು. ಎಲ್ಲ ಬ್ಲಾಕ್‌ಗಳಲ್ಲೂ ಸಣ್ಣಸಣ್ಣ ವ್ಯತ್ಯಾಸ ಕಂಡರೆ ಮೊದಲು ಮೀಟರ್ ಗಡಿಯಾರ ಪರೀಕ್ಷಿಸಿ. ಅದು ಐದು ನಿಮಿಷ ಹಿಂದಿದ್ದರೂ ಪ್ರತಿ ಬ್ಲಾಕ್‌ನ ಮೂರನೇ ಒಂದು ಭಾಗ ಪಕ್ಕದ ಬ್ಲಾಕ್‌ನ ಲೆಕ್ಕಕ್ಕೆ ಸೇರುತ್ತದೆ. ಶಿಫ್ಟ್ ಶುರುವಾಗುವ ಮತ್ತು ಮುಗಿಯುವ ಬ್ಲಾಕ್‌ಗಳಲ್ಲಿ ಇದು ಎದ್ದು ಕಾಣುತ್ತದೆ.