ಜ್ಯೂರಿಚ್‌ಗೆ ಆರು ತಿಂಗಳು: ಹೂಂ ಅನ್ನುವ ಮೊದಲು ಲೆಕ್ಕ ಹಾಕುವುದು ಹೀಗೆ

ಕೆಲಸ ಹೈದರಾಬಾದಿನಲ್ಲಿ, ಮನೆಮಂದಿ ಕಲಬುರಗಿಯಲ್ಲಿ. ಇಂಥವರನ್ನು ಕಂಪನಿ ‘ಆರು ತಿಂಗಳು ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ಗೆ ಹೋಗ್ತೀರಾ?’ ಅಂತ ಕೇಳಿದರೆ, ಸರೋವರದ ಫೋಟೊ ನೋಡಿಯೇ ಅರ್ಧ ಮನಸ್ಸು ಹೊರಟಿರುತ್ತದೆ. ಮನೆಯಲ್ಲಿ ಹಿರಿಯರು ಕೇಳುವುದು ಒಂದೇ: ‘ತಿಂಗಳಿಗೆ ಎಷ್ಟು ಉಳೀತದ?’ ಶುರು ಮಾಡಬೇಕಾದದ್ದೂ ಅಲ್ಲಿಂದಲೇ.

ಮೊದಲು: ಎರಡು ಸಂಸಾರದ ಪಟ್ಟಿ
ಸಂಬಳವನ್ನು ರೂಪಾಯಿಗೆ ಗುಣಿಸಬೇಡಿ. ಲಕ್ಷಗಳು ಕಂಡು ತಲೆ ತಿರುಗುತ್ತದೆ, ಅಷ್ಟೇ. ಅಲ್ಲಿ ಹೋಟೆಲಿನ ಒಂದು ಸಾದಾ ಊಟಕ್ಕೇ 20–25 ಫ್ರಾಂಕ್ (ಅಲ್ಲಿನ ಹಣ) ಬೀಳುತ್ತದೆ. ಹಾಳೆಯ ಒಂದು ಕಡೆ ಅಲ್ಲಿನ ಖರ್ಚನ್ನು ಫ್ರಾಂಕ್‌ನಲ್ಲೇ ಬರೆಯಿರಿ. ಇನ್ನೊಂದು ಕಡೆ ಇಲ್ಲಿ ನಿಲ್ಲದ ಖರ್ಚು: ಗೃಹಸಾಲದ ಕಂತು, ಅಪ್ಪ-ಅಮ್ಮನ ಔಷಧಿ, ಮಕ್ಕಳ ಫೀ. ಅಲ್ಲಿ ಉಳಿದದ್ದನ್ನು ಮಾತ್ರ ರೂಪಾಯಿ ಮಾಡಿ, ಅದರಲ್ಲಿ ಇಲ್ಲಿನದನ್ನು ಕಳೆಯಿರಿ.

ಆಮೇಲೆ: ಮನೆ
ಲೆಕ್ಕ ತಪ್ಪುವುದು ಇಲ್ಲೇ. ಜ್ಯೂರಿಚ್‌ನಲ್ಲಿ ಖಾಲಿ ಮನೆಗಳು ತೀರಾ ಕಡಿಮೆ, ಒಂದು ಮನೆ ನೋಡಲು ಜನ ಸಾಲು ನಿಲ್ಲುತ್ತಾರೆ. ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಆ ದುಡ್ಡು ನಿಮ್ಮ ಹೆಸರಿನ ಬ್ಯಾಂಕ್ ಖಾತೆಯಲ್ಲೇ ಇರಬೇಕು. ಆದರೆ ಅಷ್ಟು ಹಣ ಮೊದಲ ವಾರವೇ ಕೈಯಲ್ಲಿರಬೇಕಲ್ವಾ? ಸಾಮಾನ್ಯ ಮನೆ ಬಿಡಲು ಮೂರು ತಿಂಗಳು ಮುಂಚೆ ಹೇಳಬೇಕು. ಆರು ತಿಂಗಳಿಗೆ ಹೋಗುವವರಿಗೆ ಇದು ಸುಮ್ನೆ ತಲೆನೋವು. ಮಂಚ, ಮೇಜು ಸಮೇತ ಸಿಗುವ ಕೋಣೆಯೇ ವಾಸಿ. ಯಾರದೋ ಮನೆಯಲ್ಲಿ ಒಳಬಾಡಿಗೆಗೆ ಇರುವುದಾದರೆ ಮಾಲೀಕರ ಒಪ್ಪಿಗೆ ಇದೆಯಾ ಕೇಳಿ. ನನ್ನನ್ನು ಕೇಳಿದರೆ, ಕಂಪನಿ ಮನೆ ಕೊಟ್ಟರೆ ಹೋಗಿ. ಕೊಡದಿದ್ದರೆ ಭತ್ಯೆಗೆ ಚೌಕಾಸಿ ಮಾಡಿ, ಒಪ್ಪಿದ್ದನ್ನು ಬರವಣಿಗೆಯಲ್ಲಿ ಪಡೆಯಿರಿ.

ವಿಮೆ
ಅಲ್ಲಿ ಹೋಗಿ ನೆಲೆಸಿದವರು ಮೂರು ತಿಂಗಳೊಳಗೆ ಆರೋಗ್ಯ ವಿಮೆ ಮಾಡಿಸಲೇಬೇಕು. ಕಡೇ ದಿನ ಮಾಡಿಸಿದರೂ ಕಂತಿನ ಲೆಕ್ಕ ನೀವು ಅಲ್ಲಿಗೆ ಹೋದ ದಿನದಿಂದಲೇ. ವಿಮೆ ಇದ್ದರೂ ವರ್ಷದ ಮೊದಲ 300ರಿಂದ 2,500 ಫ್ರಾಂಕ್‌ವರೆಗಿನ ವೈದ್ಯರ ಖರ್ಚು ನಿಮ್ಮದೇ. ಎಷ್ಟು ಅನ್ನುವುದನ್ನು ನೀವೇ ಆರಿಸಬೇಕು. ಕಂಪನಿಯಿಂದ ಹೋಗುವ ಕೆಲವರಿಗೆ ವಿನಾಯಿತಿ ಸಿಗಬಹುದು, ಎಚ್‌ಆರ್‌ನವರನ್ನು ಕೇಳಿ.

ಯಾವ ಆರು ತಿಂಗಳು?
ಫೋಟೊದಲ್ಲಿರುವುದು ಬೇಸಿಗೆ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕು, ಜನ ಲಿಮ್ಮಾಟ್ ನದಿಯಲ್ಲಿ ಈಜುತ್ತಾರೆ. ನವೆಂಬರ್‌ನಲ್ಲಿ ವಾರಗಟ್ಟಲೆ ಮಂಜು ಕವಿದು ಬೆಟ್ಟ ಕಾಣುವುದೇ ಇಲ್ಲ, ಡಿಸೆಂಬರ್‌ನಲ್ಲಿ ಐದರೊಳಗೆ ಕತ್ತಲು. ನಮ್ಮ ಬಿಸಿಲು ಬೇಡಾಗಿದೆ ಅನ್ನುವವರೂ ಆಗ ಬಿಸಿಲು ಹುಡುಕುತ್ತಾರೆ. ಏಪ್ರಿಲ್‌ನಲ್ಲಿ ಹೊರಟರೆ ಕಲಬುರಗಿಯ ಸೆಕೆಯೂ ತಪ್ಪುತ್ತದೆ.

ತೆರಿಗೆಗೂ ತಾರೀಖು ಮುಖ್ಯ. ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಜಾಸ್ತಿ ಭಾರತದಲ್ಲಿದ್ದರೆ ಅಲ್ಲಿನ ಸಂಬಳವನ್ನೂ ಇಲ್ಲಿ ತೋರಿಸಬೇಕು. ಎರಡೂ ಕಡೆ ತೆರಿಗೆ ಬೀಳದಂತೆ ಎರಡು ದೇಶಗಳ ನಡುವೆ ಒಪ್ಪಂದವಿದೆ. ಟಿಕೆಟ್ ಮಾಡಿಸುವ ಮೊದಲೇ ಸಿಎ ಹತ್ತಿರ ಹೋಗಿ.

ಕೊನೆಗೆ ಚೀಲ. ತುಪ್ಪ, ಪೇಡೆ ಒಯ್ಯುವಂತಿಲ್ಲ, ಭಾರತದಿಂದ ಹಾಲಿನ ಪದಾರ್ಥ ತರಲು ಅಲ್ಲಿ ನಿಷೇಧವಿದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಣ ರೊಟ್ಟಿ ಧಾರಾಳ ಕಟ್ಟಿಕೊಳ್ಳಿ, ಹೊರಗಿನ ಊಟ ಎಷ್ಟು ತಪ್ಪಿದರೆ ಅಷ್ಟು ಫ್ರಾಂಕ್ ಉಳಿಯಿತು.