ಬಿಸಿಲೂರಿನಿಂದ ಹಿಮದೂರಿಗೆ ಬಂದವರು ಮನೆಯನ್ನು ಚಳಿಗಾಲಕ್ಕೆ ಅಣಿ ಮಾಡುವ ಬಗೆ

ವಿಜಯಪುರ, ಬಾಗಲಕೋಟೆ ಕಡೆಯ ಹಳೆಯ ಮನೆಗಳನ್ನು ಕಟ್ಟಿದ್ದೇ ಬಿಸಿಲನ್ನು ಹೊರಗೆ ತಡೆಯಲಿಕ್ಕೆ. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಹೊಗೆ ಹೋಗಿ ಗಾಳಿ ಆಡಲೆಂದು ಬೆಳಕಿಂಡಿ. ಎಳ್ಳ ಅಮಾವಾಸ್ಯೆ ಹೊತ್ತಿನ ಥಂಡಿಗೆ ಒಂದು ಕೌದಿ ಹೆಚ್ಚಿಗೆ ಹೊದ್ದರೆ ಆಯಿತು, ಮನೆಗೆ ಏನೂ ಮಾಡಬೇಕಿಲ್ಲ. ಅಮೆರಿಕದ ಮಿನ್ನೆಸೋಟ, ಮಿಶಿಗನ್, ಕೆನಡಾದ ಆಂಟಾರಿಯೊ, ಆಲ್ಬರ್ಟಾಗಳಲ್ಲಿ ಹಾಗಲ್ಲ. ಇಲ್ಲಿ ಕೌದಿ ಹೊದಿಸಬೇಕಾದದ್ದು ಮನೆಗೇ. ಹೊಸದಾಗಿ ಬಂದವರು ಜಾಕೆಟ್, ಬೂಟು, ಕೈಗವಸು ಎಂದು ಮೈಗೆ ಬೇಕಾದ್ದನ್ನೆಲ್ಲ ಕೊಳ್ಳುತ್ತಾರೆ. ಗೋಡೆಯೊಳಗಿನ ನೀರಿನ ಪೈಪಿನ ಬಗ್ಗೆ ಅವರಿಗೆ ಯಾರೂ ಹೇಳಿರುವುದಿಲ್ಲ. ಈ ದೇಶಗಳಲ್ಲಿ ಚಳಿಗಾಲ ಮನೆಗೆ ಮಾಡುವ ದೊಡ್ಡ ಹಾನಿಗಳಲ್ಲಿ ಒಂದು ಆ ಪೈಪಿನಿಂದ.

ಕೆಲಸ ಸೆಪ್ಟೆಂಬರ್ ನಡುವೆ ಶುರು ಮಾಡಿ ಅಕ್ಟೋಬರ್ ಕೊನೆಗೆ ಮುಗಿಸಿ. ಬಿರುಕು ತುಂಬುವ ಕಾಕಿಂಗ್ ಪೇಸ್ಟುಗಳಲ್ಲಿ ಹೆಚ್ಚಿನವು 5 ಡಿಗ್ರಿ ಸೆಲ್ಸಿಯಸ್‌ಗಿಂತ, ಅಂದರೆ 40 ಫ್ಯಾರನ್‌ಹೀಟ್‌ಗಿಂತ ಕೆಳಗೆ ಸರಿಯಾಗಿ ಅಂಟುವುದಿಲ್ಲ. ಮೊದಲ ಹಿಮ ಬಿದ್ದ ವಾರ ಫರ್ನೇಸ್ (ಮನೆಯನ್ನು ಬೆಚ್ಚಗಿಡುವ ಯಂತ್ರ) ರಿಪೇರಿಯವರು ಕೈಗೆ ಸಿಗುವುದೂ ಇಲ್ಲ.

ಗಾಳಿ ಎಲ್ಲಿ ನುಸುಳುತ್ತದೆ

ಇದಕ್ಕೆ ದೇವರ ಮನೆಯ ಊದಿನಕಡ್ಡಿಯೇ ಸಾಕು. ಗಾಳಿ ಬೀಸುವ ದಿನ ನೋಡಿ ಫರ್ನೇಸ್ ಮತ್ತು ಗ್ಯಾಸಿನ ವಾಟರ್ ಹೀಟರ್ ಬಂದ್ ಮಾಡಿ. ಎಲ್ಲ ಕಿಡಕಿ ಬಾಗಿಲು ಮುಚ್ಚಿ, ಅಡುಗೆಮನೆಯ ಮತ್ತು ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಚಾಲು ಮಾಡಿ. ಫ್ಯಾನು ಒಳಗಿನ ಗಾಳಿ ಎಳೆದುಹಾಕಿದಂತೆ ಹೊರಗಿನದು ಸಂದುಗಳಿಂದ ಒಳಗೆ ನುಗ್ಗುತ್ತದೆ. ಕಡ್ಡಿ ಹಚ್ಚಿ, ಬೂದಿಗೆ ಕೆಳಗೊಂದು ತಾಟು ಹಿಡಿದು, ಪರದೆಯಿಂದ ದೂರವಿದ್ದು, ಕಿಡಕಿಯ ಅಂಚಿನಿಂದ ಎರಡು ಇಂಚು ಅಂತರದಲ್ಲಿ ನಿಧಾನವಾಗಿ ಸರಿಸುತ್ತ ಹೋಗಿ. ಹೊಗೆ ನೆಟ್ಟಗೆ ಏರಿದರೆ ಅಲ್ಲಿ ತೊಂದರೆಯಿಲ್ಲ. ನಡುಗಿದರೆ, ಅಡ್ಡ ಬಾಗಿದರೆ ಅಲ್ಲೇ ಸಂದು ಇದೆ, ಪೆನ್ಸಿಲಿನಲ್ಲಿ ಗುರುತು ಹಾಕಿ. ಕಿಡಕಿ ಬಾಗಿಲಿಗೇ ನಿಲ್ಲಬೇಡಿ. ಹೊರಗೋಡೆಯ ಸ್ವಿಚ್‌ಬೋರ್ಡು, ಕೇಬಲ್ ಒಳಬರುವ ತೂತು, ಬಟ್ಟೆ ಒಣಗಿಸುವ ಡ್ರೈಯರಿನ ಪೈಪು, ಮೇಲಟ್ಟಕ್ಕೆ ಹತ್ತುವ ಕಿಂಡಿ, ಬೇಸ್‌ಮೆಂಟ್ (ನೆಲಮಾಳಿಗೆ) ಗೋಡೆಯ ಮೇಲೆ ಮರದ ತೊಲೆಗಳು ಕೂತ ಜಾಗ, ಎಲ್ಲವನ್ನೂ ನೋಡಿ. ಎಷ್ಟೋ ಮನೆಗಳಲ್ಲಿ ಕಿಡಕಿಗಿಂತ ಆ ತೊಲೆಗಳ ಸಂದೇ ಹೆಚ್ಚು ಸೋರುತ್ತದೆ. ಪರೀಕ್ಷೆ ಮುಗಿದ ಮೇಲೆ ಎಕ್ಸಾಸ್ಟ್ ನಿಲ್ಲಿಸಿ, ಆಮೇಲೆ ಫರ್ನೇಸ್, ಹೀಟರ್ ಚಾಲು ಮಾಡುವುದನ್ನು ಮರೆಯಬೇಡಿ.

ಅಲುಗಾಡದ ಸಂದಿಗೆ ಕಾಕಿಂಗ್, ತೆಗೆದು ಮುಚ್ಚುವ ಸಂದಿಗೆ ವೆದರ್‌ಸ್ಟ್ರಿಪ್ ಪಟ್ಟಿ. ಇವೆರಡನ್ನು ಅದಲು ಬದಲು ಮಾಡಿದರೆ ಕಿಡಕಿಯೇ ತೆರೆಯದಂತೆ ಅಂಟಿಕೊಳ್ಳುತ್ತದೆ. ಒಳಗೆ ಬಣ್ಣ ಬಳಿಯಲು ಬರುವ ಅಕ್ರಿಲಿಕ್ ಲೇಟೆಕ್ಸ್, ಹೊರಗೆ ಸಿಲಿಕೋನ್. ಸಂದು ಕಾಲಿಂಚಿಗಿಂತ ಅಗಲವಿದ್ದರೆ ಮೊದಲು ಬ್ಯಾಕರ್ ರಾಡ್ ಎನ್ನುವ ಸ್ಪಂಜಿನ ಹುರಿ ತುರುಕಿ, ಅದರ ಮೇಲೆ ಪೇಸ್ಟು ಎಳೆಯಿರಿ. ಬರೀ ಪೇಸ್ಟು ತುಂಬಿದರೆ ಒಣಗಿ ಬಿರಿಯುತ್ತದೆ. ಬಾಗಿಲ ಕೆಳಗೆ ಹಗಲು ಬೆಳಕು ಕಂಡರೆ ಡೋರ್ ಸ್ವೀಪ್ ಎನ್ನುವ ಅಡಿಪಟ್ಟಿ ಹಾಕಿ. ಹಳೆಯ ಕಿಡಕಿಗೆ ಒಳಗಿನಿಂದ ಪ್ಲಾಸ್ಟಿಕ್ ಫಿಲ್ಮ್ ಹಚ್ಚಬಹುದು: ಚೌಕಟ್ಟನ್ನು ಒರೆಸಿ ಪೂರ್ತಿ ಒಣಗಿಸಿ, ಸುತ್ತ ಎರಡು ಬದಿ ಅಂಟುವ ಟೇಪು ಒತ್ತಿ, ಫಿಲ್ಮ್ ಕೂಡಿಸಿ, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಸುಕ್ಕು ಹೋಗಿ ಬಿಗಿಯಾಗುತ್ತದೆ. ಬಾಡಿಗೆ ಮನೆಯವರಿಗೆ ಇದೇ ಅನುಕೂಲ, ವಸಂತದಲ್ಲಿ ಕಿತ್ತುಹಾಕಬಹುದು.

ಮುಚ್ಚಬಾರದ ತೂತುಗಳೂ ಇವೆ. ಇಟ್ಟಿಗೆ ಗೋಡೆಯ ಬುಡದಲ್ಲಿ, ಕಿಡಕಿ ಚೌಕಟ್ಟಿನ ಕೆಳಗೆ ಇರುವ ಸಣ್ಣ ಕಿಂಡಿಗಳು ಒಳಸೇರಿದ ನೀರು ಹೊರಹೋಗುವ ದಾರಿ. ಸೂರಿನ ಕೆಳಗಿನ ಜಾಳಿಗೆ ಮೇಲಟ್ಟ ಉಸಿರಾಡಲಿಕ್ಕೆ. ಫರ್ನೇಸಿನ ಹೊಗೆ ಕೊಳವೆಯ ಸುತ್ತ ಸಾಮಾನ್ಯ ಫೋಮ್ ತುಂಬಲೇಬೇಡಿ, ಬೆಂಕಿ ಹತ್ತುತ್ತದೆ.

ಮೇಲಟ್ಟದಲ್ಲಿ ಒಂದು ಸ್ಕೇಲು ಇಳಿಸಿ ಇನ್ಸುಲೇಷನ್, ಅಂದರೆ ಬಿಸಿ ಹೊರಹೋಗದಂತೆ ತಡೆಯುವ ಹೊದಿಕೆ, ಎಷ್ಟು ಆಳವಿದೆ ನೋಡಿ. ಅದು ಬಿಸಿ ತಡೆಯುವ ಶಕ್ತಿಯ ಅಳತೆಗೆ ಆರ್ ಎನ್ನುತ್ತಾರೆ; ಥಂಡಿ ಹೆಚ್ಚಿರುವ ಸೀಮೆಗೆ ಆರ್-49ರಿಂದ ಆರ್-60 ಬೇಕು. ಕಾಗದದ ಚೂರಿನ ಸೆಲ್ಯುಲೋಸ್ ಆದರೆ ಆರ್-49ಕ್ಕೆ ಸುಮಾರು 14 ಇಂಚು, ಊದಿ ತುಂಬಿದ ಫೈಬರ್‌ಗ್ಲಾಸ್ ಆದರೆ 18ರಿಂದ 20 ಇಂಚು. ಇದು ಕಡಿಮೆಯಾದರೆ ಮನೆಯ ಬಿಸಿ ಮೇಲೇರಿ ಛಾವಣಿಯ ಹಿಮವನ್ನು ಅಡಿಯಿಂದ ಕರಗಿಸುತ್ತದೆ. ಆ ನೀರು ಸೂರಿನ ತಣ್ಣನೆಯ ಅಂಚಿಗೆ ಇಳಿದು ಮತ್ತೆ ಗಡ್ಡೆಕಟ್ಟಿ ಒಡ್ಡಾಗುತ್ತದೆ. ಒಡ್ಡಿನ ಹಿಂದೆ ನಿಂತ ನೀರು ಛಾವಣಿಯೊಳಗೆ ಸೋರುತ್ತದೆ. ಮೊದಲು ಸಂದು ಮುಚ್ಚಿ, ಆಮೇಲೆ ಇನ್ಸುಲೇಷನ್ ಹೆಚ್ಚಿಸಿ. ಹಳೆಯ ಮನೆಯಲ್ಲಿ ಅಭ್ರಕದಂತೆ ಮಿನುಗುವ ಹರಳು ಹರಳಾದ ವರ್ಮಿಕ್ಯುಲೈಟ್ ಕಂಡರೆ ಮುಟ್ಟಬೇಡಿ, ಅದರಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ಇರಬಹುದು.

ನೀರು

ನೀರು ಗಡ್ಡೆಕಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಪೈಪು ಒಡೆಯುವುದು ಬಹುಪಾಲು ಗಡ್ಡೆ ಕೂತ ಜಾಗದಲ್ಲಲ್ಲ. ಗಡ್ಡೆಗೂ ಮುಚ್ಚಿದ ನಳಕ್ಕೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ ಏರಿ ಅಲ್ಲಿ ಒಡೆಯುತ್ತದೆ. ಕಡು ಥಂಡಿಯ ರಾತ್ರಿ ನಳವನ್ನು ಸಣ್ಣಗೆ ಹನಿಯಲು ಬಿಡಿ ಎಂದು ಹೇಳುವುದು ಆ ಒತ್ತಡಕ್ಕೆ ದಾರಿಯಾಗಲೆಂದು. ಬರದ ಸೀಮೆಯಿಂದ ಬಂದವರಿಗೆ ನೀರು ಹಾಗೆ ಹರಿಯಬಿಡಲು ಮನಸ್ಸು ಬರುವುದಿಲ್ಲ. ಕೆಳಗೊಂದು ಬಕೆಟ್ ಇಟ್ಟು ಮರುದಿನ ಬಳಸಿಕೊಳ್ಳಿ, ಆದರೆ ನಳ ಮಾತ್ರ ಬಿಗಿಯಬೇಡಿ. ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಕಪಾಟಿನ ಬಾಗಿಲನ್ನೂ ಆ ರಾತ್ರಿ ತೆರೆದಿಡಿ, ಮನೆಯ ಬಿಸಿ ಪೈಪಿಗೆ ತಾಕಲಿ.

ತೋಟದ ನಳದ ಕೆಲಸ ಅಕ್ಟೋಬರಿನಲ್ಲೇ ಆಗಬೇಕು. ಹೋಸ್ ಪೈಪು ಬಿಚ್ಚಿ, ನೀರು ಬಸಿದು, ಒಳಗಿಡಿ. ಬೇಸ್‌ಮೆಂಟಿನಲ್ಲಿ ಆ ನಳಕ್ಕೆ ಹೋಗುವ ವಾಲ್ವು ಹುಡುಕಿ ಬಂದ್ ಮಾಡಿ. ಈಗ ಹೊರಗೆ ಹೋಗಿ ನಳ ತೆರೆದುಬಿಡಿ. ಒಳಗಿನ ವಾಲ್ವಿನ ಪಕ್ಕ ಸಣ್ಣ ಟೋಪಿಯಂಥ ತಿರುಪು ಇದ್ದರೆ, ಅಡಿಗೊಂದು ಲೋಟ ಹಿಡಿದು ಅದನ್ನು ಸಡಿಲಿಸಿ. ನಡುವೆ ಉಳಿದ ನೀರು ಇಳಿಯುತ್ತದೆ. ಮತ್ತೆ ತಿರುಪು ಬಿಗಿಯಿರಿ, ಹೊರಗಿನ ನಳ ತೆರೆದೇ ಇರಲಿ. ‘ನಮ್ಮದು ಫ್ರಾಸ್ಟ್-ಫ್ರೀ ನಳ’ ಎಂದು ಹೋಸ್ ಹಾಗೇ ಬಿಡುವವರಿದ್ದಾರೆ. ಆ ನಳ ಗಡ್ಡೆಕಟ್ಟದಿರುವುದು ಬಂದ್ ಮಾಡಿದಾಗ ಒಳಗಿನ ನೀರು ಹೊರಗೆ ಇಳಿದುಹೋಗುತ್ತದೆಂಬ ಕಾರಣಕ್ಕೆ. ಹೋಸ್ ಇದ್ದರೆ ನೀರು ಇಳಿಯುವುದಿಲ್ಲ, ಗೋಡೆಯೊಳಗಿನ ಕೊಳವೆ ಸೀಳುತ್ತದೆ. ಚಳಿಗಾಲವಿಡೀ ಗೊತ್ತಾಗುವುದಿಲ್ಲ, ಏಪ್ರಿಲಿನಲ್ಲಿ ಗಿಡಕ್ಕೆ ನೀರು ಬಿಟ್ಟ ದಿನ ಬೇಸ್‌ಮೆಂಟ್ ತುಂಬುತ್ತದೆ.

ಮನೆಯ ಮುಖ್ಯ ವಾಲ್ವು ಎಲ್ಲಿದೆ ಎಂದು ಮನೆಮಂದಿಗೆಲ್ಲ ತೋರಿಸಿಡಿ. ಸಾಮಾನ್ಯವಾಗಿ ನೀರಿನ ಮೀಟರಿನ ಹತ್ತಿರ ಇರುತ್ತದೆ. ಹಿಡಿ ಉದ್ದನೆಯದಾದರೆ ಪೈಪಿಗೆ ಅಡ್ಡ ಬರುವಂತೆ ತಿರುಗಿಸಿದರೆ ಬಂದ್; ಚಕ್ರದಂತಿದ್ದರೆ ಗಡಿಯಾರದ ಮುಳ್ಳಿನಂತೆ ತಿರುಗಿಸಿ. ಪೈಪು ಗಡ್ಡೆಕಟ್ಟಿ ಒಂದು ನಳದಲ್ಲಿ ನೀರು ಬಾರದಿದ್ದರೆ ಆ ನಳವನ್ನು ತೆರೆದಿಟ್ಟು, ನಳದ ಕಡೆಯಿಂದ ಶುರು ಮಾಡಿ ಗಡ್ಡೆಯ ಕಡೆಗೆ ಹೇರ್ ಡ್ರೈಯರ್ ಹಿಡಿಯುತ್ತ ಹೋಗಿ. ಬೆಂಕಿ ತೋರಿಸಬೇಡಿ.

ಫರ್ನೇಸ್, ಆವಿ ಮತ್ತು ಶೇಗಡಿ

ಫರ್ನೇಸಿನ ಫಿಲ್ಟರ್ ಅಳತೆ ಅದರ ಚೌಕಟ್ಟಿನ ಮೇಲೇ ಇರುತ್ತದೆ, 16x25x1 ಎಂಬಂತೆ. ಅಲ್ಲಿರುವ ಬಾಣ ಫರ್ನೇಸಿನ ಕಡೆಗೆ ಇರಬೇಕು. ಒಂದು ಇಂಚಿನದನ್ನು ಚಳಿಗಾಲದಲ್ಲಿ ತಿಂಗಳಿಗೊಮ್ಮೆ ನೋಡಿ, ಬೂದುಬಣ್ಣ ಬಂದಿದ್ದರೆ ಬದಲಿಸಿ. ಒಗ್ಗರಣೆ, ಎಣ್ಣೆ ಹೆಚ್ಚಿರುವ ಅಡುಗೆಮನೆಗಳಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಯಂತ್ರ ಅತಿಯಾಗಿ ಕಾದು ತಾನೇ ನಿಲ್ಲುತ್ತದೆ. ‘ಫರ್ನೇಸ್ ಕೆಟ್ಟಿದೆ’ ಎಂದು ಫೋನು ಮಾಡುವ ಮೊದಲು ಇದನ್ನು ನೋಡಿ. ಹೊಸ ಫರ್ನೇಸುಗಳಿಗೆ ಗಾಳಿ ಎಳೆದು ಹೊಗೆ ಬಿಡುವ ಬಿಳಿ ಪಿವಿಸಿ ಕೊಳವೆಗಳು ಪಕ್ಕದ ಗೋಡೆಯಿಂದ ಹೊರಬಂದಿರುತ್ತವೆ. ದೊಡ್ಡ ಹಿಮ ಬಿದ್ದಾಗಲೆಲ್ಲ ಅವುಗಳ ಬಾಯಿ ಬಿಡಿಸಿ.

ಉರಿ ಸರಿಯಾಗಿ ಉರಿಯದಾಗ ಹುಟ್ಟುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದರ ಅಲಾರಾಂ ಪ್ರತಿ ಅಂತಸ್ತಿನಲ್ಲಿ, ಮಲಗುವ ಕೋಣೆಗಳ ಹತ್ತಿರ ಇರಲೇಬೇಕು. ಪ್ರತಿ ವರ್ಷ ನವೆಂಬರಿನ ಮೊದಲ ಭಾನುವಾರ ಇದರ ಬ್ಯಾಟರಿ ಬದಲಿಸಿ. ಊರಿನಿಂದ ಅವ್ವ ಅಪ್ಪ ಬಂದಿದ್ದರೆ ಒಂದು ಮಾತು ಕೂತು ಹೇಳಿ: ಕೆಂಡದ ಶೇಗಡಿ, ಬಾರ್ಬೆಕ್ಯೂ ಒಳಗೆ ತರುವಂತಿಲ್ಲ, ಗ್ಯಾಸಿನ ಅವನ್ ತೆರೆದಿಟ್ಟು ಕೈ ಕಾಸುವಂತಿಲ್ಲ. ಊರಿನ ಮನೆ ಸಂದುಗಳಿಂದ ಉಸಿರಾಡುತ್ತದೆ. ಈ ಮನೆ ಮುಚ್ಚಿದ ಡಬ್ಬಿ. ಅವರ ಕೋಣೆಗೆ ಬೇಕಾದರೆ 1500 ವಾಟಿನ ಎಲೆಕ್ಟ್ರಿಕ್ ಹೀಟರ್ ಇಡಿ, ನೇರ ಗೋಡೆಯ ಪ್ಲಗ್ಗಿಗೆ ಚುಚ್ಚಿ, ಎಕ್ಸ್‌ಟೆನ್ಷನ್ ವೈರು ಬೇಡ. ಹಾಸಿಗೆ, ಕೌದಿ, ಸೀರೆಯ ಸೆರಗು ಮೂರು ಅಡಿ ದೂರವಿರಲಿ.

ಜೋಳದ ರೊಟ್ಟಿ ಬಡಿದು ಹಂಚಿನ ಮೇಲೆ ನೀರು ಸವರುವಾಗ, ಕುಕ್ಕರ್ ಸೀಟಿ ಹೊಡೆಯುವಾಗ ಏಳುವ ಆವಿ ಇಲ್ಲಿ ಹೊರಹೋಗಲು ದಾರಿಯಿಲ್ಲದೆ ಕಿಡಕಿ ಗಾಜಿನ ಮೇಲೆ ನೀರಾಗಿ ಇಳಿದು, ಚೌಕಟ್ಟು ಕೊಳೆತು, ಕಪ್ಪು ಬೂಷ್ಟು ಹಿಡಿಯುತ್ತದೆ. ತೇವಾಂಶ ತೋರಿಸುವ ಒಂದು ಸಣ್ಣ ಹೈಗ್ರೋಮೀಟರ್ ಕೊಂಡಿಡಿ. ಹೊರಗೆ ಮೈನಸ್ 7 ಡಿಗ್ರಿ ಸೆಲ್ಸಿಯಸ್ ಇದ್ದಾಗ ಒಳಗಿನ ತೇವಾಂಶ ಶೇಕಡಾ 35, ಮೈನಸ್ 18ಕ್ಕೆ 25ರಿಂದ 30, ಮೈನಸ್ 29ಕ್ಕೆ 20ರ ಆಸುಪಾಸು ಇದ್ದರೆ ಗಾಜು ಬೆವರುವುದು ಕಡಿಮೆ. ಅಡುಗೆಯುದ್ದಕ್ಕೂ ಎಕ್ಸಾಸ್ಟ್ ನಡೆಯಲಿ, ಸ್ನಾನದ ಮೇಲೆ 20 ನಿಮಿಷ ಬಚ್ಚಲಿನ ಫ್ಯಾನು ಇರಲಿ. ಕೆಲವು ಅಡುಗೆಮನೆ ಫ್ಯಾನುಗಳು ಗಾಳಿಯನ್ನು ಸೋಸಿ ಮತ್ತೆ ಒಳಕ್ಕೇ ಬಿಡುತ್ತವೆ, ಅವುಗಳಿಂದ ಆವಿ ಹೋಗುವುದಿಲ್ಲ; ಹೊರಗೋಡೆಯಲ್ಲಿ ಅದರ ಬಾಯಿ ಇದೆಯೇ ನೋಡಿ. ಒದ್ದೆ ಬಟ್ಟೆ ಕೋಣೆಯೊಳಗೆ ಹರವಬೇಡಿ.

ಮೆಟ್ಟಿಲಿಗೆ ಹಾಕುವ ಕಲ್ಲುಪ್ಪು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೂ ಕೆಳಗಾದರೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು.

ಊರಿಗೆ ಹೋಗುವವರು

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೋ ಬನಶಂಕರಿಯ ಬನದ ಹುಣ್ಣಿಮೆಗೋ ಹೋಗಬೇಕೆಂದರೆ, ಅದು ಇಲ್ಲಿ ಥಂಡಿ ಅತಿ ಹೆಚ್ಚಿರುವ ತಿಂಗಳು. ಖರ್ಚು ಉಳಿಸಲೆಂದು ಫರ್ನೇಸ್ ಆರಿಸಿ ಹೋಗಬೇಡಿ. ಥರ್ಮೋಸ್ಟಾಟ್ 13 ಡಿಗ್ರಿ ಸೆಲ್ಸಿಯಸ್, ಅಂದರೆ 55 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸಬೇಡಿ. ಮುಖ್ಯ ವಾಲ್ವು ಬಂದ್ ಮಾಡಿ, ಮೇಲಿನ ಅಂತಸ್ತಿನ ಒಂದು ನಳ, ಎಲ್ಲಕ್ಕಿಂತ ಕೆಳಗಿನ ಒಂದು ನಳ ತೆರೆದು ಪೈಪು ಬರಿದು ಮಾಡಿ, ಟಾಯ್ಲೆಟ್ ಫ್ಲಶ್ ಮಾಡಿ. ಗ್ಯಾಸಿನ ವಾಟರ್ ಹೀಟರನ್ನು ವೆಕೇಷನ್ ಗುರುತಿಗೆ ತಿರುಗಿಸಿ, ಕರೆಂಟಿನದಾದರೆ ಬ್ರೇಕರ್ ಇಳಿಸಿ. ನಿಮ್ಮ ಮನೆ ಬಿಸಿನೀರಿನ ರೇಡಿಯೇಟರಿನಿಂದ ಕಾಯುವುದಾದರೆ, ಬಾಯ್ಲರ್ ಬಲ್ಲವರನ್ನು ಕೇಳದೆ ಮುಖ್ಯ ವಾಲ್ವು ಮುಚ್ಚಬೇಡಿ, ಅದಕ್ಕೂ ಅದೇ ನೀರು ಬೇಕು. ವಿಮೆಯ ಕೆಲವು ಪಾಲಿಸಿಗಳಲ್ಲಿ ಖಾಲಿ ಮನೆಯನ್ನು ಯಾರಾದರೂ ಬಂದು ನೋಡುತ್ತಿರಬೇಕೆಂಬ ಷರತ್ತು ಇರುತ್ತದೆ. ಹೊರಡುವ ಮೊದಲು ಓದಿ, ಹತ್ತಿರದ ಕನ್ನಡದ ಮನೆಯವರ ಕೈಗೆ ಕೀಲಿ ಕೊಟ್ಟು ಹೋಗಿ.

ಮರಳಿ ಬಂದಾಗ ವಾಲ್ವನ್ನು ಒಮ್ಮೆಲೇ ಬಿಡದೆ ಕಾಲುಭಾಗ ತೆರೆಯಿರಿ. ತೆರೆದಿಟ್ಟ ನಳಗಳಲ್ಲಿ ಗಾಳಿ ಬುಸುಗುಟ್ಟಿ ನಿಂತು ನೀರು ಒಂದೇ ಸಮನೆ ಬಂದ ಮೇಲೆ ನಳ ಮುಚ್ಚಿ, ವಾಲ್ವು ಪೂರ್ತಿ ತೆರೆಯಿರಿ. ಟ್ಯಾಂಕು ತುಂಬಿದ ಮೇಲೆಯೇ ಹೀಟರ್ ಚಾಲು ಮಾಡಿ. ಅರ್ಧ ಗಂಟೆ ಬಿಟ್ಟು ಬೇಸ್‌ಮೆಂಟಿಗೆ ಇಳಿದು ಪೈಪುಗಳ ಉದ್ದಕ್ಕೂ ಕೈಯಾಡಿಸಿ, ಮೇಲಿನ ಬಚ್ಚಲಿನ ಕೆಳಗೆ ಬರುವ ಛಾವಣಿಯಲ್ಲಿ ಒದ್ದೆ ಕಲೆ ಮೂಡಿದೆಯೇ ನೋಡಿ.